ಗೂಗಲ್ ಸ್ಕಾಲರ್ ಪ್ರೊಫೈಲ್: ಹತ್ತು ವರ್ಷ ಬಳಸಿದ ಮೇಲೆ

ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಪಾಠದ ನಡುವೆ ಉಳಿದ ಸಮಯದಲ್ಲಿ ಔಷಧ ರಸಾಯನಶಾಸ್ತ್ರದ ಸಂಶೋಧನೆಯನ್ನೂ ಹೇಗೋ ನಡೆಸಿಕೊಂಡು ಬಂದಿರುವ ನಾನು ಹತ್ತು ವರ್ಷಗಳಿಂದ ಗೂಗಲ್ ಸ್ಕಾಲರ್ ಪ್ರೊಫೈಲ್ ಇಟ್ಟುಕೊಂಡಿದ್ದೇನೆ. ಪ್ರತಿ ವರ್ಷ ಜೂನ್‌ನಲ್ಲಿ ನಾವು ತುಂಬಿ ಕೊಡಬೇಕಾದ ನಮೂನೆಯಲ್ಲಿ ಪ್ರೊಫೈಲಿನ ಲಿಂಕ್, ಒಟ್ಟು ಉಲ್ಲೇಖಗಳು, ಎಚ್-ಸೂಚ್ಯಂಕ ಎಂಬ ಮೂರು ಕಾಲಂಗಳಿವೆ. ಒಂಬತ್ತು ವರ್ಷ ನಾನು ಪುಟ ತೆರೆದು, ಬಲಬದಿಯ ಪುಟ್ಟ ಪಟ್ಟಿಯಲ್ಲಿ ಕಂಡ ಅಂಕಿಗಳನ್ನು ಹಾಗೆಯೇ ಇಳಿಸಿಕೊಂಡು ಸಹಿ ಹಾಕಿ ಕೊಟ್ಟಿದ್ದೆ. ಈ ವರ್ಷ ಮಳೆ ಹಿಡಿದ ಎರಡು ಸಂಜೆ ಕುಳಿತು, ಆ ಅಂಕಿಗಳ ಹಿಂದೆ ಏನಿದೆ ಎಂದು ಒಂದೊಂದಾಗಿ ತೆರೆದು ನೋಡಿದೆ. ಕಾಸು ಕೊಡದೆ ಸಿಗುವ ಸೇವೆಯನ್ನು ದೂರುವುದಕ್ಕೆ ಸಂಕೋಚವಾಗುತ್ತದೆ ನಿಜ, ಆದರೆ ಇದೇ ಅಂಕಿಗಳ ಮೇಲೆ ಬಡ್ತಿ, ಗೈಡ್‌ಶಿಪ್, ಪ್ರಾಜೆಕ್ಟಿನ ಹಣ ಎಲ್ಲವೂ ನಿಂತಿರುವಾಗ ಇದರ ಗುಣದೋಷವನ್ನು ಬರೆದಿಡುವುದು ತಪ್ಪಾಗಲಾರದು ಎಂದುಕೊಂಡಿದ್ದೇನೆ.

ಸೇವೆಯ ಪರಿಚಯ ಬೇಕಾದವರಿಗೆ ಎರಡು ಮಾತು. ಗೂಗಲ್ ಸ್ಕಾಲರ್ ಎಂಬ ಹುಡುಕುವ ವ್ಯವಸ್ಥೆ ಬಂದದ್ದು 2004ರ ನವೆಂಬರಿನಲ್ಲಿ. ಸಂಶೋಧಕರು ತಮ್ಮದೇ ಪುಟ ಮಾಡಿಕೊಳ್ಳುವ ಸೌಲಭ್ಯ ಎಲ್ಲರಿಗೂ ತೆರೆದದ್ದು 2011ರ ನವೆಂಬರಿನಲ್ಲಿ. ಸಂಸ್ಥೆಯ ಇಮೇಲ್ ಇದ್ದರೆ ಹತ್ತು ನಿಮಿಷದಲ್ಲಿ ಪುಟ ಸಿದ್ಧವಾಗುತ್ತದೆ. ಲೇಖನಗಳ ಪಟ್ಟಿ, ಪ್ರತಿಯೊಂದರ ಎದುರು ಅದನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂಬ ಸಂಖ್ಯೆ, ಬಲಬದಿಯಲ್ಲಿ ಒಟ್ಟು ಮೊತ್ತ, ಎಚ್-ಸೂಚ್ಯಂಕ, ಐ10-ಸೂಚ್ಯಂಕ, ಕೆಳಗೆ ವರ್ಷವಾರು ಕಂಬಗಳ ಒಂದು ಚಿತ್ರ, ಇಷ್ಟೇ ಅದರ ರೂಪ. ಪುಟ ಹಗುರ, ನಮ್ಮ ಮನೆಯಿರುವ ಗುಡ್ಡದ ಬದಿಯಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಒಂದು ಗೆರೆಗೆ ಇಳಿದಾಗಲೂ ಅದು ತೆರೆದುಕೊಳ್ಳುತ್ತದೆ. ಲೇಖನ ಹುಡುಕಿದಾಗ ಬಲಕ್ಕೆ ಪಿಡಿಎಫ್ ಕೊಂಡಿ ಕಾಣಿಸುವುದಂತೂ, ಚಂದಾ ಕಟ್ಟಲಾಗದ ನಮ್ಮಂತಹ ಕಾಲೇಜುಗಳ ಪಾಲಿಗೆ ದೊಡ್ಡ ಉಪಕಾರ. ಹುಡುಕುವ ಸಾಧನವಾಗಿ ನಾನು ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ, ಆ ಬಗ್ಗೆ ಹೆಚ್ಚು ಬರೆಯುವುದೂ ಇಲ್ಲ. ತೊಡಕಿರುವುದು ತೂಗುವ ಕೆಲಸದಲ್ಲಿ.

ಮೊದಲ ತೊಡಕು ಹೆಸರಿನದು, ಮತ್ತು ಅದು ಕಾಸರಗೋಡಿನವರಿಗೆ ತುಸು ಹೆಚ್ಚೇ ತಟ್ಟುತ್ತದೆ. ನಮ್ಮ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರು ಮೊದಲು ಬರುತ್ತದೆ, ಮನೆಯದೋ ತಂದೆಯದೋ ಒಂದು ಅಕ್ಷರ ಅದರ ಹಿಂದೆ ಬಾಲದಂತೆ ನಿಲ್ಲುತ್ತದೆ. ಸುಮನಾ ಕೆ. ಎಂಬ ಹುಡುಗಿಯಿದ್ದಾಳೆ ಎಂದಿಟ್ಟುಕೊಳ್ಳಿ. ಪತ್ರಿಕೆಗಳು ಕುಲನಾಮ ಕೇಳುತ್ತವೆ, ಅವಳ ಬಳಿ ಇರುವುದು ಒಂಟಿ 'ಕೆ'. ಅದನ್ನೇ ಕೊಡುತ್ತಾಳೆ. ಸೂಚಿ ಮಾಡುವ ಯಂತ್ರ ಅದನ್ನು ತಿರುಗಿಸಿ 'ಕೆ, ಎಸ್' ಮಾಡುತ್ತದೆ. ದಕ್ಷಿಣ ಭಾರತದಲ್ಲಿ 'ಕೆ, ಎಸ್' ಎಂಬ ಗುರುತಿಗೆ ಸಲ್ಲುವ ಸಂಶೋಧಕರು ಎಷ್ಟು ಮಂದಿ ಇರಬಹುದು ಎಂದು ಊಹಿಸಿಕೊಳ್ಳಿ. ಮದುವೆಯಾದ ಮೇಲೆ ಮಂಗಳೂರಿನ ಕಡೆ ದಾಖಲೆಗಳಲ್ಲಿ ಭಟ್ ಎಂದೋ ರೈ ಎಂದೋ ಸೇರಿದರೆ, ಅದೇ ಹುಡುಗಿ ಯಂತ್ರದ ಕಣ್ಣಿಗೆ ಇನ್ನೊಬ್ಬಳಾಗುತ್ತಾಳೆ. ನನ್ನದೂ ಹೆಚ್ಚು ಕಡಿಮೆ ಇದೇ ಕತೆ. ಹೊಸ ಲೇಖನಗಳನ್ನು ತಾನಾಗಿ ಸೇರಿಸುವ ಆಯ್ಕೆಯನ್ನು ನಾನು ಆರಂಭದಲ್ಲಿ ಒತ್ತಿಬಿಟ್ಟಿದ್ದೆ. ಅದು ಕೆಲಸ ಸುಲಭ ಮಾಡುತ್ತದೆ ಎಂದು ತಿಳಿದಿದ್ದೆ. ಈ ವರ್ಷ ಪಟ್ಟಿಯನ್ನು ಕೊನೆಯವರೆಗೆ ಜಾರಿಸಿ ನೋಡಿದರೆ 34 ಲೇಖನಗಳಿವೆ. ಅವುಗಳಲ್ಲಿ ಆರು ನನ್ನವೇ ಅಲ್ಲ. ಕಾಳುಮೆಣಸಿನ ಸೊರಗು ರೋಗದ ಬಗ್ಗೆ ನಾಲ್ಕು, ತೆಂಗಿನ ಬಗ್ಗೆ ಎರಡು. ನಾನು ಕಾಳುಮೆಣಸನ್ನು ಸಾರಿಗೆ ಹಾಕಿದ್ದೇನೆಯೇ ಹೊರತು ಅದರ ರೋಗವನ್ನು ಸೂಕ್ಷ್ಮದರ್ಶಕದಲ್ಲಿ ಕಂಡವಳಲ್ಲ. ಇನ್ನು ಮೂರು, ನನ್ನವೇ ಲೇಖನಗಳು ಬೇರೆ ಬೇರೆ ಕಾಗುಣಿತದಲ್ಲಿ ಎರಡೆರಡು ಬಾರಿ ಬಂದವು. ಉಳಿದದ್ದು 25.

ಬೇರೆಯವರ ಲೇಖನ ಸೇರಿಕೊಂಡರೆ ಗೂಗಲ್ ಯಾರನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ತೆಗೆಯುವುದು ಸುಲಭ: ಲೇಖನದ ಎದುರಿನ ಚೌಕಕ್ಕೆ ಗುರುತು ಹಾಕಿ ಅಳಿಸಿದರೆ ಅದು ಕಸದ ಬುಟ್ಟಿಗೆ ಹೋಗುತ್ತದೆ. ಎರಡು ಬಾರಿ ಬಂದವನ್ನು ಒಂದು ಮಾಡುವ ಗುಂಡಿಯೂ ಇದೆ. ಒಂದು ಮಾಡಿದ ಮೇಲೆ ಸಂಖ್ಯೆಯ ಪಕ್ಕ ಒಂದು ನಕ್ಷತ್ರ ಚಿಹ್ನೆ ಬರಬಹುದು, ಈ ಎಣಿಕೆಯಲ್ಲಿ ಹೊಂದದ ಉಲ್ಲೇಖಗಳೂ ಬೆರೆತಿರಬಹುದು ಎಂಬ ಎಚ್ಚರಿಕೆ ಅದು. ಒಂದೇ ಲೇಖನ ಎರಡಾಗಿ ಕಾಣುವುದು ನಮ್ಮಂತಹ ಸಣ್ಣವರ ಪಾಡು ಮಾತ್ರ ಎಂದೂ ತಿಳಿಯಬೇಕಿಲ್ಲ. ಔಷಧ ರಸಾಯನಶಾಸ್ತ್ರ ಓದುವ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರುವ ಲಿಪಿನ್‌ಸ್ಕಿಯವರ ಐದರ ನಿಯಮ, ಅಂದರೆ ಬಾಯಿಯ ಮೂಲಕ ಕೊಡುವ ಔಷಧದ ಅಣುತೂಕ 500 ದಾಟದಿರಲಿ, ಎಣ್ಣೆಯಲ್ಲಿ ಕರಗುವ ಒಲವನ್ನು ಅಳೆಯುವ ಲಾಗ್-ಪಿ 5 ದಾಟದಿರಲಿ, ಜಲಜನಕ ಬಂಧ ಕೊಡುವ ಗುಂಪುಗಳು 5, ಪಡೆಯುವ ಪರಮಾಣುಗಳು 10 ದಾಟದಿರಲಿ ಎಂಬ ಆ ಲೇಖನ, ಒಂದೇ ಪತ್ರಿಕೆಯಲ್ಲಿ 1997ರಲ್ಲಿ ಒಮ್ಮೆ, 2001ರಲ್ಲಿ ಮರುಮುದ್ರಣವಾಗಿ ಇನ್ನೊಮ್ಮೆ ಬಂದಿದೆ. ಜನ ಕೈಗೆ ಸಿಕ್ಕಿದ್ದನ್ನು ಉಲ್ಲೇಖಿಸುತ್ತಾರೆ. ದೊಡ್ಡವರಿಗೆ ಅದರಿಂದ ನಷ್ಟವಿಲ್ಲ, ನಮಗೆ ಒಂದೊಂದೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಸೂಚ್ಯಂಕಗಳು. ಎಚ್-ಸೂಚ್ಯಂಕವನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹಾರ್ಹೆ ಹಿರ್ಶ್. ಕನಿಷ್ಠ 11 ಉಲ್ಲೇಖ ಪಡೆದ ಲೇಖನಗಳು 11 ಇದ್ದು, 12 ಪಡೆದವು 12 ಇಲ್ಲದಿದ್ದರೆ ನಿಮ್ಮ ಸೂಚ್ಯಂಕ 11. ಐ10 ಎಂಬುದು ಗೂಗಲ್ಲಿನ ಸ್ವಂತ ಲೆಕ್ಕ: ಕನಿಷ್ಠ 10 ಉಲ್ಲೇಖ ಪಡೆದ ಲೇಖನಗಳು ಎಷ್ಟು ಎಂಬುದು. ಎರಡೂ ಸರಳ, ಆದ್ದರಿಂದಲೇ ಕಚೇರಿಗಳಿಗೆ ಪ್ರಿಯ. ಎಚ್-ಸೂಚ್ಯಂಕ ತಾನಾಗಿ ಎಂದೂ ಇಳಿಯುವುದಿಲ್ಲ, ಸಂಶೋಧನೆ ಬಿಟ್ಟು ಕೂತವರದೂ ಏರಬಹುದು. ಹೊಸದಾಗಿ ಪಿಎಚ್‌ಡಿ ಮುಗಿಸಿದವರನ್ನೂ ನಿವೃತ್ತಿಯ ಅಂಚಿನಲ್ಲಿರುವವರನ್ನೂ ಅದೇ ಕೋಲಿನಿಂದ ಅಳೆಯುವುದಕ್ಕೆ ಬರುವುದಿಲ್ಲ. ಕಳೆದ ಐದು ವರ್ಷಗಳ ಅಂಕಿಗಳನ್ನು ಗೂಗಲ್ ಪಕ್ಕದ ಕಾಲಂನಲ್ಲಿ ಬೇರೆಯಾಗಿ ಕೊಡುವುದು ಇದಕ್ಕೆ ಅರ್ಧ ಪರಿಹಾರ, ಆದರೆ ನಮ್ಮ ನಮೂನೆ ಆ ಕಾಲಂ ಕೇಳುವುದೇ ಇಲ್ಲ.

ಈ ಎಣಿಕೆಯ ಮೂಲ ನಮ್ಮ ವಿಷಯದವರದೇ ಎಂಬುದು ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ. ಉಲ್ಲೇಖಗಳ ಸೂಚಿ ಮಾಡಬೇಕೆಂದು 1955ರಲ್ಲಿ ಬರೆದು, 1964ರಲ್ಲಿ ಅದನ್ನು ಅಚ್ಚಿನಲ್ಲಿ ಹೊರತಂದ ಯೂಜೀನ್ ಗಾರ್ಫೀಲ್ಡ್ ಮೊದಲು ಓದಿದ್ದು ರಸಾಯನಶಾಸ್ತ್ರ. ಒಂದು ಲೇಖನದಿಂದ ಮುಂದಿನ ಲೇಖನಗಳಿಗೆ ದಾರಿ ತೋರಿಸುವುದು ಅದರ ಉದ್ದೇಶವಾಗಿತ್ತು. ದಾರಿ ತೋರಿಸುವ ಕಲ್ಲು ತೂಕದ ಕಲ್ಲಾದದ್ದು ಆಮೇಲಿನ ಕತೆ.

ನನ್ನ ಪಟ್ಟಿಯಲ್ಲಿ ಮೇಲಿನಿಂದ ಎರಡನೆಯದು ರೋಡನೀನ್ ಎಂಬ ಗಂಧಕವುಳ್ಳ ಉಂಗುರರಚನೆಯ ಬಗ್ಗೆ 2012ರಲ್ಲಿ ನಾನೂ ಜೊತೆಗಾರರೂ ಬರೆದದ್ದು. ಅದಕ್ಕೆ 41 ಉಲ್ಲೇಖಗಳಿವೆ. ರೋಡನೀನನ್ನು ಬೇರೆ ಬೇರೆ ಆಲ್ಡಿಹೈಡುಗಳೊಂದಿಗೆ ಸೋಡಿಯಂ ಅಸಿಟೇಟ್ ಹಾಕಿದ ಅಸಿಟಿಕ್ ಆಮ್ಲದಲ್ಲಿ ಕುದಿಸಿ, ತಣ್ಣೀರಿಗೆ ಸುರಿದರೆ ಅರಸಿನದಂತಹ ಹಳದಿ ಹುಡಿ ತಳಕ್ಕೆ ಕೂರುತ್ತದೆ. ನೋಡಲು ಚೆಂದ, ಮಾಡಲು ಸುಲಭ, ಪರೀಕ್ಷೆಗೆ ಕಳಿಸಿದರೆ ಯಾವುದರ ಮೇಲಾದರೂ ಕೆಲಸ ಮಾಡುತ್ತದೆ. ಆ ಕೊನೆಯ ಗುಣವೇ ಅದರ ದೋಷ. ಆಸ್ಟ್ರೇಲಿಯಾದ ಬೇಯಲ್ ಮತ್ತು ಹಾಲೋವೇ ಎಂಬವರು 2010ರಲ್ಲೇ ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ, ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ಕೊಟ್ಟು ದಾರಿ ತಪ್ಪಿಸುವ ಅಣುಗಳ ದೊಡ್ಡದೊಂದು ಪಟ್ಟಿಯನ್ನು ಪ್ರಕಟಿಸಿದ್ದರು; ಪೇನ್ಸ್ ಎಂದು ಹೆಸರಾದ ಆ ಪಟ್ಟಿಯಲ್ಲಿ ರೋಡನೀನ್ ಇದೆ. ನಮ್ಮ ಲೇಖನ ಬಂದದ್ದು ಅದಕ್ಕೆ ಎರಡು ವರ್ಷದ ಮೇಲೆ. ನಾವು ಓದಿರಬೇಕಿತ್ತು, ಓದಿರಲಿಲ್ಲ.

ಆ 41 ಉಲ್ಲೇಖಗಳನ್ನು ನಾನು ಎರಡು ಸಂಜೆಯಲ್ಲಿ ತೆರೆದೆ. ಏಳು ನಮ್ಮದೇ ಗುಂಪಿನವು, ಅಂದರೆ ನಾವೇ ನಮ್ಮ ಬೆನ್ನು ತಟ್ಟಿಕೊಂಡದ್ದು. ಎರಡು ವಿದ್ಯಾರ್ಥಿಗಳ ಪಿಎಚ್‌ಡಿ ಪ್ರಬಂಧಗಳು. ಎರಡನ್ನು ತೆರೆಯಲಾಗಲಿಲ್ಲ. ನಾಲ್ಕರಲ್ಲಿ ನಮ್ಮ ತಯಾರಿಕೆಯ ವಿಧಾನವನ್ನು ನಿಜವಾಗಿ ಬಳಸಿದ್ದಾರೆ, ಒಬ್ಬರಂತೂ ನಾವು ಬರೆದದ್ದಕ್ಕಿಂತ ಹೆಚ್ಚು ಇಳುವರಿ ತೆಗೆದಿದ್ದಾರೆ. 23ರಲ್ಲಿ ನಮ್ಮ ಲೇಖನ ಪೀಠಿಕೆಯ ಮೊದಲ ಪುಟದಲ್ಲಿ, 'ಈ ವರ್ಗದ ಸಂಯುಕ್ತಗಳು ಸೂಕ್ಷ್ಮಾಣುನಾಶಕ, ಉರಿಯೂತ ನಿವಾರಕ, ಕ್ಯಾನ್ಸರ್ ನಿರೋಧಕ ಗುಣಗಳನ್ನು ತೋರಿಸಿವೆ' ಎಂಬ ಸಾಲಿನ ಕೊನೆಗೆ, ಹತ್ತು ಹನ್ನೆರಡು ಲೇಖನಗಳ ಗೊಂಚಲಿನಲ್ಲಿ ಒಂದಾಗಿ ತೂಗಾಡುತ್ತಿದೆ. ಅವರಲ್ಲಿ ಎಷ್ಟು ಮಂದಿ ನಮ್ಮ ಲೇಖನದ ಎರಡನೇ ಪುಟ ಮಗುಚಿದ್ದರೋ ನನಗೆ ಅನುಮಾನ. ಗೊಂಚಲನ್ನು ಹಾಗೆಯೇ ಇನ್ನೊಂದು ಲೇಖನದಿಂದ ಕಿತ್ತು ತಂದ ಕುರುಹು ಕೆಲವೆಡೆ ಸ್ಪಷ್ಟವಾಗಿದೆ, ಏಕೆಂದರೆ ಪುಟಸಂಖ್ಯೆಯ ತಪ್ಪೂ ಒಂದರಿಂದ ಒಂದಕ್ಕೆ ಹಾಗೆಯೇ ಇಳಿದು ಬಂದಿದೆ. ಉಳಿದ ಮೂರರಲ್ಲಿ ನಮ್ಮನ್ನು ಹೆಸರಿಸಿದ್ದು, ಪೇನ್ಸ್ ಎಚ್ಚರಿಕೆ ಬಂದ ಮೇಲೂ ಇಂತಹ ಸಂಯುಕ್ತಗಳನ್ನು ಔಷಧದ ಬೀಜ ಎಂದು ವರದಿ ಮಾಡುವವರಿದ್ದಾರೆ ಎಂಬುದಕ್ಕೆ ಉದಾಹರಣೆಯಾಗಿ. ಓದಿ ಮುಖ ಬಿಸಿಯಾಯಿತು. ಗೂಗಲ್ ಸ್ಕಾಲರ್ ಆ ಮೂರನ್ನೂ ಮೂರು ಅಂಕಗಳಾಗಿಯೇ ನನ್ನ ಖಾತೆಗೆ ಜಮಾ ಮಾಡಿದೆ, ಮತ್ತು ನಮ್ಮ ಲೇಖನವನ್ನು ಗಮನವಿಟ್ಟು ಓದಿದವರಲ್ಲಿ ಬಹುಶಃ ಆ ಮೂವರೇ ಮೊದಲಿಗರು.

ನಮ್ಮಲ್ಲಿ ಅಡಿಕೆ ಕೊಂಡುಹೋದರೆ ಅಂಗಡಿಯವರು ಗೋಣಿಯನ್ನು ತಕ್ಕಡಿಗೆ ಏರಿಸುವ ಮೊದಲು ಕೈಹಾಕಿ ತಳದಿಂದ ಒಂದು ಹಿಡಿ ತೆಗೆಯುತ್ತಾರೆ, ಎರಡನ್ನು ಕತ್ತರಿಸಿ ಒಳಮೈ ನೋಡುತ್ತಾರೆ. ಹಳತು, ಹೊಸತು, ಪಟೋರ, ಉಳ್ಳಿ, ಕರಿಗೋಟು ಎಂದು ಬೇರೆ ಮಾಡುತ್ತಾರೆ, ಒಂದೊಂದಕ್ಕೂ ಒಂದೊಂದು ಧಾರಣೆ. ಒಟ್ಟು ಗೋಣಿಗೆ ಇಷ್ಟು ಎಂದು ದರ ಹೇಳಿದರೆ ಬೆಳೆಗಾರನೇ ಒಪ್ಪುವುದಿಲ್ಲ. ನನ್ನ ಪ್ರೊಫೈಲನ್ನು ಅಪ್ಪನಿಗೆ ತೋರಿಸಿ ವಿವರಿಸಿದಾಗ ಅವರು ಕನ್ನಡಕ ಮೇಲಕ್ಕೆ ಸರಿಸಿ ಕೇಳಿದ್ದು ಅದನ್ನೇ: "ಇದು ಎಂತ ಲೆಕ್ಕ ಮಗಳೇ? ಕರಿಗೋಟಿಗೂ ಹಳೆ ಅಡಿಕೆಗೂ ಒಂದೇ ರೇಟಾ?"

ಅಡಿಕೆಯ ಮಾತು ಬಂದದ್ದರಿಂದ, ಈ ಎಣಿಕೆಗಳು ಹಿಡಿಯಲಾರದ ಒಂದು ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ಅದು ನಮ್ಮ ತೋಟದಿಂದಲೇ ಹೊರಟದ್ದು. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರಾಂಶವಿದೆ. ಎಲೆಯಡಿಕೆ ಹಾಕಿಕೊಂಡಾಗ ಮೈ ಬೆಚ್ಚಗಾಗಿ ತುಸು ಚುರುಕೆನಿಸುವುದು ಅದರಿಂದ. ಅದು ಮೆದುಳಿನಲ್ಲಿ ನರಗಳ ಸಂದೇಶ ಹಿಡಿಯುವ ಮಸ್ಕರಿನಿಕ್ ಗ್ರಾಹಕಗಳಿಗೆ ಅಂಟುತ್ತದೆ, ಆದರೆ ಅದರ ಎಸ್ಟರ್ ತುದಿ ದೇಹದಲ್ಲಿ ಬೇಗ ಒಡೆದುಹೋಗುತ್ತದೆ. ಆ ಎಸ್ಟರನ್ನು ತೆಗೆದು, ಆ ಜಾಗದಲ್ಲಿ ಗಂಧಕ ಮತ್ತು ಸಾರಜನಕಗಳುಳ್ಳ ಥಯಡಯಜೋಲ್ ಉಂಗುರವನ್ನು ಕೂರಿಸಿ, ಅದಕ್ಕೆ ಆರು ಇಂಗಾಲದ ಬಾಲ ಕಟ್ಟಿದಾಗ ಸಿಕ್ಕಿದ್ದು ಝನೊಮೆಲಿನ್. ಡೆನ್ಮಾರ್ಕಿನ ಸೌಅರ್‌ಬರ್ಗ್ ಮತ್ತು ಸಂಗಡಿಗರು ಇದನ್ನು ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ ಪ್ರಕಟಿಸಿದ್ದು 1992ರಲ್ಲಿ. ಆಲ್ಝೈಮರ್ ರೋಗಿಗಳ ಮೇಲೆ ಪ್ರಯೋಗ ನಡೆಯಿತು, ಫಲ ಕಂಡರೂ ವಾಂತಿ, ಹೊಟ್ಟೆಯ ತೊಂದರೆಗಳು ಕಾಡಿ ಅದು ಮೂಲೆ ಸೇರಿತು. ಮೆದುಳಿಗೆ ಅಷ್ಟಾಗಿ ದಾಟದೆ ಹೊರಗಿನ ತೊಂದರೆಗಳನ್ನಷ್ಟೇ ತಡೆಯುವ ಟ್ರಾಸ್ಪಿಯಂ ಎಂಬ ಹಳೆಯ ಔಷಧವನ್ನು ಅದರೊಂದಿಗೆ ಸೇರಿಸುವ ಉಪಾಯ ಆಮೇಲೆ ಹೊಳೆಯಿತು. ಆ ಜೋಡಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಕಿಝೋಫ್ರೇನಿಯಾದ ಔಷಧವಾಗಿ ಒಪ್ಪಿಗೆ ಕೊಟ್ಟದ್ದು 2024ರ ಸೆಪ್ಟೆಂಬರಿನಲ್ಲಿ. ಲೇಖನದಿಂದ ಔಷಧದ ಅಂಗಡಿಗೆ 32 ವರ್ಷ. ಪತ್ರಿಕೆಯ ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬಂದಿವೆ ಎಂದು ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದು ಹಿಂದಿನ ಎರಡು ವರ್ಷಗಳನ್ನು, ಗೂಗಲ್ಲಿನ ಎರಡನೇ ಕಾಲಂ ನೋಡುವುದು ಐದನ್ನು. ತೋಟಗಾರಿಕೆಯ ಲೆಕ್ಕದಲ್ಲಿ ಹೇಳುವುದಾದರೆ ಇದು ತೆಂಗಿನ ಸಸಿ ನೆಟ್ಟವನ ಇಳುವರಿಯನ್ನು ಮೊದಲ ಮಳೆಗಾಲಕ್ಕೇ ಕೇಳಿದಂತೆ.

ಇನ್ನೊಂದು ಸಂಗತಿ ನಮ್ಮದೇ ಎಣ್ಮಕಜೆಯ ಪಡ್ರೆಯದು. ಗೇರು ತೋಟಗಳಿಗೆ ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಆ ಊರಿನ ಶಾಲಾ ಹುಡುಗರ 117 ಮಂದಿಯನ್ನೂ ಸಿಂಪಡಣೆ ಇಲ್ಲದ ಊರಿನ 90 ಮಂದಿಯನ್ನೂ ಪರೀಕ್ಷಿಸಿ, ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಂಡ 2003ರಲ್ಲಿ ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್ ಪತ್ರಿಕೆಯಲ್ಲಿ ಲೇಖನ ಬರೆಯಿತು. ಪ್ರೌಢಾವಸ್ಥೆ ತಡವಾಗುವುದಕ್ಕೂ ರಕ್ತದಲ್ಲಿ ಎಂಡೋಸಲ್ಫಾನ್ ಇರುವುದಕ್ಕೂ ಸಂಬಂಧ ಕಾಣುತ್ತದೆ ಎಂದು ಅದು ಹೇಳಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಾದ್ಯಂತ ನಿಲ್ಲಿಸಿತು. ಇದು ವಿಷಶಾಸ್ತ್ರದ ಲೇಖನ, ನನ್ನ ವಿಭಾಗದ್ದಲ್ಲ. ಆದರೂ 'ಪ್ರಭಾವ' ಎಂಬ ಪದವನ್ನು ನಮೂನೆಯಲ್ಲಿ ಕಂಡಾಗಲೆಲ್ಲ ನನಗೆ ನೆನಪಾಗುವುದು ಈ ಲೇಖನ, ಅದಕ್ಕೆ ಎಷ್ಟು ಉಲ್ಲೇಖ ಬಂದಿವೆ ಎಂದು ನೋಡುವ ಮನಸ್ಸೂ ಆಗುವುದಿಲ್ಲ.

ಉಲ್ಲೇಖ ಎಣಿಸುವ ಇನ್ನೊಂದು ಸೇವೆಯಾದ ಸ್ಕೋಪಸ್ ಜೊತೆಗಿಟ್ಟು ನೋಡದಿದ್ದರೆ ಈ ವಿಮರ್ಶೆಗೆ ನ್ಯಾಯ ಸಿಗುವುದಿಲ್ಲ. ಎಲ್ಸೆವಿಯರ್ ಕಂಪನಿಯ ಈ ಸೇವೆಯೂ 2004ರದೇ. ಅದು ತಾನು ಆರಿಸಿದ ಪತ್ರಿಕೆ, ಪುಸ್ತಕ, ಸಮ್ಮೇಳನ ಸಂಪುಟಗಳನ್ನಷ್ಟೇ ಓದುತ್ತದೆ, ಹಾಗಾಗಿ ಪಿಎಚ್‌ಡಿ ಪ್ರಬಂಧ, ಸೆಮಿನಾರಿನ ಪುಸ್ತಿಕೆ, ಯಾರದೋ ಜಾಲದಲ್ಲಿ ತೂಗುಹಾಕಿದ ಪಿಡಿಎಫ್ ಇವೆಲ್ಲ ಅಲ್ಲಿ ಎಣಿಕೆಗೆ ಬರುವುದಿಲ್ಲ. ಸ್ಕಾಲರ್‌ನಲ್ಲಿ ಬರುತ್ತವೆ. ಸ್ಕೋಪಸ್‌ನಲ್ಲಿ ನನ್ನ ಲೇಖನಗಳು 19, ಉಲ್ಲೇಖಗಳು 288, ಎಚ್-ಸೂಚ್ಯಂಕ 9. ಚಂದಾ ಇರುವ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಸ್ವಯಂ ಉಲ್ಲೇಖಗಳನ್ನು ಬಿಟ್ಟು ಲೆಕ್ಕ ಹಾಕಿಸಿದಾಗ ಅದು 241ಕ್ಕೂ ಸೂಚ್ಯಂಕ 8ಕ್ಕೂ ಇಳಿಯಿತು. ಈ ಒಂದು ಗುಂಡಿ ಸ್ಕಾಲರ್‌ನಲ್ಲಿ ಇಲ್ಲದಿರುವುದು ನನ್ನ ಪ್ರಕಾರ ಅದರ ಅತಿ ದೊಡ್ಡ ಕೊರತೆ. ಆದರೆ ಸ್ಕೋಪಸ್ ಕೂಡ ನನ್ನನ್ನು ಇಬ್ಬರನ್ನಾಗಿ ಮಾಡಿಟ್ಟಿತ್ತು: ಒಂಟಿ ಅಕ್ಷರದವಳು ಒಬ್ಬಳು, ಗಂಡನ ಮನೆಯ ಹೆಸರಿನವಳು ಇನ್ನೊಬ್ಬಳು. ತಿದ್ದುಪಡಿಗೆ ಅರ್ಜಿ ಹಾಕಿದ ಮೇಲೆ ಒಂದಾಯಿತು. ಈ ರಗಳೆ ಬೇಡವೆಂದರೆ 2012ರಲ್ಲಿ ಆರಂಭವಾದ ಓರ್ಕಿಡ್‌ನಲ್ಲಿ 16 ಅಂಕಿಯ ಒಂದು ಗುರುತುಸಂಖ್ಯೆಯನ್ನು ಎಂಎಸ್ಸಿ ಮುಗಿಯುವ ಮೊದಲೇ ಮಾಡಿಸಿಕೊಂಡು, ಪ್ರತಿ ಲೇಖನಕ್ಕೂ ಅದನ್ನೇ ಕೊಡುವುದು ಒಳ್ಳೆಯದು. ಅದೂ ಉಚಿತವೇ.

ಜರಡಿ ಇಲ್ಲದ್ದರಿಂದ ಸ್ಕಾಲರ್ ಒಳಗೆ ಏನೆಲ್ಲ ನುಗ್ಗಬಹುದು ಎಂಬುದಕ್ಕೆ 2024ರ ಒಂದು ಪ್ರಸಂಗ ಸಾಕು. ಉಲ್ಲೇಖಗಳನ್ನು ಮಾರುವ ದಂಧೆಯನ್ನು ಬಯಲಿಗೆಳೆಯಬೇಕೆಂದು ಇಬ್ಬರು ಸಂಶೋಧಕರು ಲ್ಯಾರಿ ಎಂಬ ಬೆಕ್ಕಿನ ಹೆಸರಿನಲ್ಲಿ 12 ಅರ್ಥವಿಲ್ಲದ ಗಣಿತ ಲೇಖನಗಳನ್ನು ಯಂತ್ರದಿಂದ ಬರೆಯಿಸಿ, ಅವನ್ನು ಉಲ್ಲೇಖಿಸುವ ಇನ್ನೊಂದಿಷ್ಟನ್ನೂ ಜಾಲಕ್ಕೆ ಏರಿಸಿದರು. ಕೆಲವೇ ವಾರಗಳಲ್ಲಿ ಬೆಕ್ಕಿನ ಪ್ರೊಫೈಲಿನಲ್ಲಿ ನೂರು ದಾಟಿದ ಉಲ್ಲೇಖಗಳು ಕಂಡವು. ಹಾಗೆಯೇ ಹಣ ಕಟ್ಟಿದವರದೆಲ್ಲ ಅಚ್ಚು ಮಾಡುವ ಪತ್ರಿಕೆಗಳ ಲೇಖನಗಳೂ, ಹಿಂತೆಗೆದುಕೊಂಡ ಲೇಖನಗಳೂ ಇಲ್ಲಿ ಗಟ್ಟಿ ಕಾಳಿನ ಜೊತೆಗೇ ಅಳೆಯಲ್ಪಡುತ್ತವೆ. ಪತ್ರಿಕೆಗಳ ಜೊಳ್ಳು ತೂರಲೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಇಟ್ಟುಕೊಂಡಿದ್ದ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟ ಮೇಲೆ, ಆರಿಸುವ ಹೊಣೆ ಪೂರ್ತಿಯಾಗಿ ನಮ್ಮ ತಲೆಗೇ ಬಂದಿದೆ. ಸ್ಟ್ಯಾನ್‌ಫರ್ಡಿನ ಇಯೊನಿಡಿಸ್ ತಂಡದ, ಜಗತ್ತಿನಲ್ಲಿ ಹೆಚ್ಚು ಉಲ್ಲೇಖ ಪಡೆದ ಶೇ 2 ವಿಜ್ಞಾನಿಗಳ ಪಟ್ಟಿ ಬಂದಾಗ ಊರಿನ ಕವಲುಗಳಲ್ಲಿ ಫ್ಲೆಕ್ಸ್ ಏಳುತ್ತವಲ್ಲ, ಅದು ಸ್ಕೋಪಸ್ ದತ್ತಾಂಶದ ಮೇಲೆ ನಿಂತದ್ದು. ಅದರಲ್ಲಿ ವೃತ್ತಿಜೀವನದ ಪಟ್ಟಿ ಬೇರೆ, ಒಂದೇ ವರ್ಷದ ಪಟ್ಟಿ ಬೇರೆ. ಫ್ಲೆಕ್ಸಿನಲ್ಲಿ ಯಾವ ಪಟ್ಟಿ ಎಂದು ಬರೆದದ್ದನ್ನು ನಾನಂತೂ ಈವರೆಗೆ ಕಂಡಿಲ್ಲ.

ಹಾಗಾದರೆ ಇದನ್ನು ಯಾರು ಹೇಗೆ ಬಳಸಬೇಕು? ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಎಂಎಸ್ಸಿ ಮುಗಿಸಿ, ಕೊಣಾಜೆಗೋ ಸುರತ್ಕಲ್ಲಿಗೋ ಪೆರಿಯಕ್ಕೋ ಕಣ್ಣೂರಿಗೋ ಎಂದು ಗೈಡ್ ಹುಡುಕುವ ಮಕ್ಕಳು. ಅವರು ಮೊಬೈಲಿನಲ್ಲಿ ಪ್ರೊಫೈಲ್ ತೆರೆದು, "ಮೇಡಂ, ಇವರದ್ದು ಎಚ್ 30 ಉಂಟು, ಹೋಗಬಹುದಾ?" ಎಂದು ಕೇಳುತ್ತಾರೆ. ನಾನು ಮೊದಲು ವರ್ಷದ ಕಾಲಂ ಒತ್ತಿ ಪಟ್ಟಿಯನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಲು ಹೇಳುತ್ತೇನೆ, ಏಕೆಂದರೆ ಪ್ರೊಫೈಲ್ ತಾನಾಗಿ ತೋರಿಸುವುದು ಹೆಚ್ಚು ಉಲ್ಲೇಖದ ಕ್ರಮದಲ್ಲಿ. ಆ ಕ್ರಮದಲ್ಲಿ ಹದಿನೈದು ವರ್ಷದ ಹಿಂದಿನ ಒಂದು ಸಮೀಕ್ಷಾ ಲೇಖನ ತಲೆಯ ಮೇಲೆ ಕೂತು, ಈಗ ಪ್ರಯೋಗಾಲಯದಲ್ಲಿ ಏನು ನಡೆದಿದೆ ಎಂಬುದನ್ನು ಮುಚ್ಚಿಬಿಡುತ್ತದೆ. ನಮ್ಮ ವಿಷಯದಲ್ಲಿ ಸಮೀಕ್ಷೆಗಳಿಗೆ ಉಲ್ಲೇಖ ಸುರಿಯುತ್ತವೆ: ನನ್ನ ಪಟ್ಟಿಯ ತಲೆಯಲ್ಲಿರುವ, ನಾಲ್ವರು ಸೇರಿ ಬರೆದ ಸಮೀಕ್ಷೆಗೆ 131 ಬಂದಿವೆ, ಮೂರು ವರ್ಷ ಬೆವರು ಹರಿಸಿ 28 ಹೊಸ ಸಂಯುಕ್ತಗಳನ್ನು ಮಾಡಿ ಬರೆದ ಲೇಖನಕ್ಕೆ ಒಂಬತ್ತು. ಆಮೇಲೆ ಕಳೆದ ಮೂರು ವರ್ಷದ ಲೇಖನಗಳಲ್ಲಿ ಮೊದಲ ಹೆಸರು ಯಾರದು ಎಂದು ನೋಡಲಿ. ಅಲ್ಲಿ ವಿದ್ಯಾರ್ಥಿಗಳ ಹೆಸರು ಸರದಿಯಲ್ಲಿ ಬರುತ್ತಿದ್ದರೆ ಆ ಗೈಡ್ ಮಕ್ಕಳಿಗೆ ಕೆಲಸ ಕಲಿಸುತ್ತಾರೆ ಎಂದು ತಿಳಿಯಬಹುದು. ಯುಜಿಸಿಯ 2018ರ ನಿಯಮದಲ್ಲಿ, ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲನೆಯ ಅಥವಾ ಮುಖ್ಯ ಲೇಖಕರಿಗೆ ಶೇ 70, ಉಳಿದವರಿಗೆ ತಲಾ ಶೇ 30 ಅಂಕ. ಆದ್ದರಿಂದ ಹೆಸರಿನ ಸ್ಥಾನ ಮುಂದೆ ಅವರ ಕೆಲಸದ ಅರ್ಜಿಗೂ ಮುಖ್ಯ. ಕೊನೆಗೆ ಒಂದಾದರೂ ಲೇಖನವನ್ನು ತೆರೆದು, ಜೈವಿಕ ಪರೀಕ್ಷೆ ನಿಜವಾಗಿ ಮಾಡಿದ್ದಾರೋ, ಅಣು ಪ್ರೋಟೀನಿಗೆ ಹೇಗೆ ಕೂರಬಹುದೆಂದು ಕಂಪ್ಯೂಟರಿನಲ್ಲಿ ಅಂದಾಜಿಸುವ ಡಾಕಿಂಗ್ ಮಾಡಿ ಬಣ್ಣದ ಚಿತ್ರ ಹಾಕಿ ನಿಲ್ಲಿಸಿದ್ದಾರೋ ನೋಡಲಿ. ಇಷ್ಟಕ್ಕೆ ಒಂದು ಮಧ್ಯಾಹ್ನ ಸಾಕು, ಐದು ವರ್ಷದ ಬಾಳ್ವೆಗೆ ಒಂದು ಮಧ್ಯಾಹ್ನ ದುಬಾರಿಯೇನಲ್ಲ. ಹಾಗೆಂದು ಔಷಧ ಕಂಪನಿಗಳಲ್ಲಿ ದುಡಿದು ಬಂದವರ ಪ್ರೊಫೈಲ್ ತೆಳ್ಳಗಿದ್ದರೆ ಅವರನ್ನು ಬದಿಗಿಡಬಾರದು. ಅವರ ಕೆಲಸ ಪೇಟೆಂಟುಗಳಲ್ಲಿ ಹೋಗಿರುತ್ತದೆ, ಲೇಖನವಾಗುವುದು ತಡ, ಕೆಲವೊಮ್ಮೆ ಆಗುವುದೇ ಇಲ್ಲ.

ನನ್ನ ಪ್ರೊಫೈಲನ್ನು ಆ ಎರಡನೇ ಸಂಜೆಯೇ ಶುಚಿ ಮಾಡಿದೆ. ತಾನಾಗಿ ಸೇರಿಸುವ ಆಯ್ಕೆಯನ್ನು ತೆಗೆದು, ಮೊದಲು ಇಮೇಲಿನಲ್ಲಿ ಕೇಳು ಎಂಬುದಕ್ಕೆ ಬದಲಿಸಿದೆ. ಕಾಳುಮೆಣಸು, ತೆಂಗಿನ ಆರನ್ನು ಕಸದ ಬುಟ್ಟಿಗೆ ಹಾಕಿದೆ. ಒಟ್ಟು ಉಲ್ಲೇಖ 521 ಇದ್ದದ್ದು 437 ಆಯಿತು, ಎಚ್-ಸೂಚ್ಯಂಕ 13 ಇದ್ದದ್ದು 11. ನಮೂನೆ ಕೊಟ್ಟ ಎರಡು ದಿನದ ಮೇಲೆ ಕಚೇರಿಯಿಂದ ಕರೆ ಬಂತು. "ಮೇಡಂ, ಹೋದ ವರ್ಷ 13 ಬರೆದಿದ್ದೀರಿ, ಈ ವರ್ಷ 11. ಕಡಿಮೆಯಾಗಲಿಕ್ಕೆ ಬರುವುದಿಲ್ಲವಲ್ಲ, ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ." ವಿವರಣೆಗೆ ನಮೂನೆಯಲ್ಲಿ ಜಾಗವಿರಲಿಲ್ಲ. ಒಂದು ಬಿಳಿ ಹಾಳೆಯಲ್ಲಿ ಆರು ಲೇಖನಗಳ ಹೆಸರನ್ನೂ ಬರೆದು, ಇವು ನನ್ನವಲ್ಲ ಎಂದು ಕೆಳಗೆ ಸಹಿ ಹಾಕಿ, ನಮೂನೆಗೆ ಪಿನ್ನು ಹೊಡೆದು ಕೊಟ್ಟು ಬಂದಿದ್ದೇನೆ.